ಕುಡಿತ ಬಿಟ್ಟವರ ಬಳಗ: ಹುಡುಕುವ ಬಗೆ, ಹೋಗಿ ಕೂಡುವ ಬಗೆ



ಬೀಜೋಪಚಾರ, ರಸಗೊಬ್ಬರದ ಪ್ರಮಾಣ, ಹನಿ ನೀರಾವರಿ, ಕುಳೆ ಕಬ್ಬಿನ ನಿಗಾ ಇಂಥ ಪಾಠಗಳನ್ನು ನೀವು ಈ ಪುಟಗಳಲ್ಲಿ ಓದುತ್ತ ಬಂದಿದ್ದೀರಿ. ಎಕರೆಗೆ ನಾಲ್ಕು ಟನ್ ಹೆಚ್ಚು ಬರಲಿ ಎಂಬುದೇ ಅವುಗಳ ಉದ್ದೇಶ. ಆದರೆ ಹೆಚ್ಚು ಬಂದ ಆ ನಾಲ್ಕು ಟನ್ನಿನ ಹಣ ಮನೆಗೆ ಮುಟ್ಟದೆ ನಡುದಾರಿಯಲ್ಲಿಯೇ ಇಂಗಿ ಹೋಗುವ ಮನೆಗಳು ಗಡಿಯ ಈಚೆಗೂ ಇವೆ, ಆಚೆಗೂ ಇವೆ. ಕಬ್ಬಿನ ಬಿಲ್ಲು ಜಮಾ ಆಯಿತೆಂದರೆ ಹೆಚ್ಚಿನ ಮನೆಗಳಲ್ಲಿ ಸಂತೋಷ. ಕೆಲವು ಮನೆಗಳಲ್ಲಿ ಅದೇ ಸುದ್ದಿ ಕೇಳಿ ಹೆಣ್ಣುಮಕ್ಕಳ ಎದೆ ಧಸಕ್ಕೆನ್ನುತ್ತದೆ.

ಮೊದಲು ಒಂದು ಲೆಕ್ಕ ನೋಡೋಣ. ದಿನಕ್ಕೆ ಕೇವಲ 100 ರೂಪಾಯಿ ಕುಡಿತಕ್ಕೆ ಹೋದರೆ ವರ್ಷಕ್ಕೆ 36,500 ರೂಪಾಯಿ ಆಯಿತು. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ದರ, ಶೇಕಡಾ 10.25ರ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಅಂದರೆ ಹತ್ತು ಟನ್ನಿಗೂ ಮಿಕ್ಕಿದ ಕಬ್ಬು ಬಾಟಲಿಗೆ ಹೋಯಿತು. ಎಕರೆಗೆ 40 ಟನ್ ತೆಗೆಯುವ ರೈತನಾದರೆ ಹತ್ತು ಗುಂಟೆ ಹೊಲವನ್ನು ವರ್ಷವಿಡೀ ಅದಕ್ಕೆಂದೇ ಬಿಟ್ಟುಕೊಟ್ಟಂತೆ. ಕಡಿತ ಮತ್ತು ಸಾಗಾಣಿಕೆಯ ಖರ್ಚು ತೆಗೆದರೆ ಇನ್ನೂ ಹೆಚ್ಚು. ದವಾಖಾನೆಯ ಬಿಲ್ಲು, ಮುರಿದ ಕೆಲಸ, ಕಳಚಿದ ಸಂಬಂಧ ಇವು ಈ ಲೆಕ್ಕದಲ್ಲಿ ಬಂದಿಲ್ಲ.

ಕಬ್ಬಿನ ಕಾಕಂಬಿಯಿಂದಲೇ ಮದ್ಯಸಾರ ತಯಾರಾಗುತ್ತದೆಂಬುದು ನಮಗೆಲ್ಲ ಗೊತ್ತಿದೆ. ಒಂದಿಷ್ಟು ಪೆಟ್ರೋಲಿನಲ್ಲಿ ಬೆರೆಯುತ್ತದೆ, ಒಂದಿಷ್ಟು ಬಾಟಲಿಗೆ ಇಳಿಯುತ್ತದೆ. ಆದ್ದರಿಂದ ಬೆಳೆಗಾರರ ಪುಟದಲ್ಲಿ ಈ ವಿಷಯ ಬರುವುದು ಅಪ್ರಸ್ತುತವಲ್ಲ.

ಈ ಪಾಠದ ತಿರುಳು ಇಷ್ಟು: ಕುಡಿತ ಬಿಡುವುದು ಒಂದು ಕೆಲಸ, ಬಿಟ್ಟ ಮೇಲೆ ಹಾಗೆಯೇ ಉಳಿಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಡಾಕ್ಟರರು ಬೇಕು. ಎರಡನೆಯದಕ್ಕೆ, ಈಗಾಗಲೇ ಬಿಟ್ಟವರ ಸಂಗಡ ಬೇಕು.

1. ಇದು ಚಟವೋ, ರೋಗವೋ?

ಅತಿಯಾದ ಕುಡಿತಕ್ಕೆ ದೇಹ ಮತ್ತು ಮನಸ್ಸು ಅಂಟಿಕೊಂಡಾಗ ಅದು ರೋಗವೇ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಯಾದಿಯಲ್ಲಿ ಅದನ್ನು ಸೇರಿಸಿದೆ. ತನಗೆ ಈ ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಅಮೆರಿಕೆಯ ಡಾ. ಜಾನ್ ಯೂಯಿಂಗ್ 1984ರಲ್ಲಿ ನಾಲ್ಕು ಸುಲಭ ಪ್ರಶ್ನೆಗಳ ಪರೀಕ್ಷೆಯನ್ನು ಪ್ರಕಟಿಸಿದರು. ಅವುಗಳ ಭಾವ ಹೀಗಿದೆ:

ಅ) ಕುಡಿಯುವುದನ್ನು ಕಡಿಮೆ ಮಾಡಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೇ?
ಆ) ನಿಮ್ಮ ಕುಡಿತದ ಮಾತನ್ನು ಯಾರಾದರೂ ಎತ್ತಿದರೆ ಸಿಟ್ಟು ಬರುತ್ತದೆಯೇ?
ಇ) ಕುಡಿದದ್ದಕ್ಕಾಗಿ ಒಳಗೊಳಗೇ ಮನಸ್ಸು ಚುಚ್ಚಿದೆಯೇ?
ಈ) ಬೆಳಿಗ್ಗೆ ಎದ್ದ ಕೂಡಲೆ ಕೈನಡುಕ ನಿಲ್ಲಿಸಲು ಅಥವಾ ತಲೆಭಾರ ಇಳಿಸಲು ಕುಡಿದದ್ದುಂಟೇ?

ಎರಡು ಅಥವಾ ಹೆಚ್ಚು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬಂದರೆ ಡಾಕ್ಟರರ ಸಲಹೆ ಪಡೆಯುವುದು ಅವಶ್ಯ. ಈ ಪ್ರಶ್ನೆಗಳಿಗೆ ಬೇರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನಿಮಗೆ ನೀವೇ ಕೊಟ್ಟುಕೊಂಡರೆ ಸಾಕು.

“ನಾನು ಶ್ರಾವಣ ಮಾಸವಿಡೀ ಮುಟ್ಟುವುದಿಲ್ಲ, ಅಂದಮೇಲೆ ನನಗೆ ಚಟವೆಲ್ಲಿದೆ?” ಎಂದು ಹೇಳುವವರು ನಮ್ಮ ಭಾಗದಲ್ಲಿ ಬಹಳ. ಗಟಾರಿ ಅಮಾವಾಸ್ಯೆಯ ದಿನ ಕಂಠಪೂರ್ತಿ ಕುಡಿದು, ಶ್ರಾವಣದಲ್ಲಿ ದಿನ ಎಣಿಸಿ, ಮಾಸ ಮುಗಿದ ಮರುದಿನ ಮತ್ತೆ ಅಂಗಡಿಯ ಮುಂದೆ ನಿಲ್ಲುವವನು ಒಂದು ತಿಂಗಳು ತಡೆದುಕೊಂಡದ್ದು ನಿಜ. ಬಿಟ್ಟದ್ದು ಮಾತ್ರ ನಿಜವಲ್ಲ. ಕಬ್ಬು ಕಡಿದು ಸಾಗಿಸಿದ ಮೇಲೆ ಹೊಲ ಬಯಲಾಗಿ ಕಾಣುತ್ತದೆ. ಬುಡ ಮಣ್ಣೊಳಗೆ ಇದ್ದೇ ಇರುತ್ತದೆ. ಒಂದು ನೀರು ಕೊಟ್ಟರೆ ಕುಳೆ ಚಿಗುರುತ್ತದೆ. ಕುಡಿತದ ರೋಗವೂ ಹೀಗೆಯೇ. ವರ್ಷಗಟ್ಟಲೆ ಬಿಟ್ಟವನಿಗೂ “ಒಂದೇ ಗುಟುಕು” ಎಂಬುದು ಆ ಒಂದು ನೀರು. ಆದ್ದರಿಂದಲೇ ಬಿಟ್ಟ ಮೇಲೂ ನಿಗಾ ಬೇಕು.

ಈ ರೋಗ ನಮ್ಮ ಮನೆಗೊಂದೇ ಬಂದದ್ದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರ ಕುಡಿತ, ನೆರವು ಬೇಕಾಗುವ ಮಟ್ಟ ಮುಟ್ಟಿದೆ. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಅಥವಾ ನೆರವು ಸಿಕ್ಕಿದೆ. ಉಳಿದ 37 ಜನ ಯಾರ ನೆರವೂ ಇಲ್ಲದೆ ಉಳಿದಿದ್ದಾರೆ.

2. ಬಳಗಕ್ಕಿಂತ ಮೊದಲು ಡಾಕ್ಟರರು

ಬಹಳ ವರ್ಷ ದಿನಾಲು ಕುಡಿದವನು ಏಕಾಏಕಿ ಬಿಟ್ಟರೆ ಅಪಾಯವುಂಟು. ಈ ಮಾತನ್ನು ಮನೆಯವರೆಲ್ಲ ತಿಳಿದಿರಬೇಕು.

ಕೊನೆಯ ಗುಟುಕಿನಿಂದ ಆರೆಂಟು ತಾಸಿನಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ದೆಗೇಡು ಆರಂಭವಾಗಬಹುದು. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ. ಗೋಡೆಯ ಮೇಲೆ ಹುಳುಹುಪ್ಪಟೆ ಹರಿದಂತೆ ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ, ಹಗಲು ಯಾವುದು ರಾತ್ರಿ ಯಾವುದು ತಿಳಿಯುವುದಿಲ್ಲ. ಇದನ್ನು ಗಾಳಿ ಸೋಂಕು ಎಂದು ತಿಳಿದು ದೇವರಿಷಿಯ ಕಡೆಗೆ ಒಯ್ದು ವೇಳೆ ಕಳೆಯಬಾರದು. ಇದು ಪ್ರಾಣಕ್ಕೆ ಎರವಾಗುವ ಸ್ಥಿತಿ. ತಕ್ಷಣ ದೊಡ್ಡ ದವಾಖಾನೆಗೆ ಒಯ್ಯತಕ್ಕದ್ದು.

ಇನ್ನೆರಡು ಎಚ್ಚರಿಕೆಗಳು:

ಅ) ಊರಲ್ಲಿ ಸುಸ್ತಾದವನಿಗೆ ಸಲಾಯಿನ್ ಹಚ್ಚಿಸುವ ರೂಢಿ ಇದೆ. ಕುಡಿತದ ರೋಗಿಯ ದೇಹದಲ್ಲಿ ಬಿ-1 ಜೀವಸತ್ವ ಬಹಳ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರಿಯ ಗ್ಲುಕೋಜ್ ಏರಿಸಿದರೆ ಮೆದುಳಿಗೆ ಹಾನಿಯಾಗುವ ಸಂಭವವಿದೆ. ಆದ್ದರಿಂದ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಗೆ ಕುಡಿದದ್ದು ಯಾವಾಗ ಎಂಬ ಮೂರು ಸಂಗತಿಗಳನ್ನು ಮುಚ್ಚಿಡದೆ ಡಾಕ್ಟರರಿಗೆ ಹೇಳಿರಿ.

ಆ) “ರೋಗಿಗೆ ತಿಳಿಯದಂತೆ ಚಹದಲ್ಲಿ, ಪಲ್ಯದಲ್ಲಿ ಹಾಕಿರಿ, ಕುಡಿತ ಬಿಡುತ್ತಾನೆ” ಎಂದು ಮಾರುವ ಪುಡಿ, ಗುಳಿಗೆಗಳನ್ನು ಎಂದಿಗೂ ಕೊಳ್ಳಬೇಡಿರಿ. ಡೈಸಲ್ಫಿರಾಂ ಎಂಬ ಗುಳಿಗೆ ತೆಗೆದುಕೊಂಡವನು ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾದೀತು. ಅದನ್ನು ಡಾಕ್ಟರರು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಡುವುದೇ ಸರಿಯಾದ ಕ್ರಮ.

ನಮ್ಮವರಿಗೆ ಹತ್ತಿರದ ದೊಡ್ಡ ಸರಕಾರಿ ದವಾಖಾನೆ ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆ. ಕನ್ನಡದಲ್ಲಿಯೇ ಮಾತಾಡಬೇಕೆನ್ನುವವರಿಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ.

3. ಬಳಗ ಎಂದರೇನು? ಅದು ಬಂದದ್ದು ಎಲ್ಲಿಂದ?

ಅಮೆರಿಕೆಯಲ್ಲಿ ಆಕ್ರನ್ ಎಂಬ ಊರಿದೆ. ಹುಪರಿಗೆ ಬೆಳ್ಳಿ, ಇಚಲಕರಂಜಿಗೆ ಬಟ್ಟೆ ಇದ್ದಂತೆ ಆ ಊರಿಗೆ ರಬ್ಬರ್ ಟಾಯರುಗಳ ಉದ್ಯೋಗ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಅಲ್ಲಿಗೆ ಬಂದಿದ್ದ. ಕುಡಿತ ಬಿಟ್ಟು ಅವನಿಗೆ ಐದಾರು ತಿಂಗಳಾಗಿತ್ತಷ್ಟೆ. ಬಂದ ವ್ಯವಹಾರ ಕೆಟ್ಟುಹೋಯಿತು. ಹೊಟೆಲಿನಲ್ಲಿ ಒಬ್ಬನೇ ನಿಂತಾಗ ಅಲ್ಲಿನ ಬಾರು ಅವನನ್ನು ಕರೆಯತೊಡಗಿತು. ಆಗ ಅವನಿಗೆ ಹೊಳೆದದ್ದು ಒಂದೇ ಉಪಾಯ. ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನನ್ನು ಹುಡುಕಿ ಮಾತಾಡಬೇಕು. ಟೆಲಿಫೋನಿನ ಮೇಲೆ ಟೆಲಿಫೋನು ಮಾಡಿ ಅವನು ಮುಟ್ಟಿದ್ದು ಅದೇ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಅವರನ್ನು. ಡಾಕ್ಟರರೂ ಕುಡಿತದಿಂದ ಕೆಟ್ಟವರೇ. ಹದಿನೈದು ನಿಮಿಷ ಕೂಡುತ್ತೇನೆಂದು ಬಂದವರು ತಾಸುಗಟ್ಟಲೆ ಮಾತಾಡಿದರು. ಡಾಕ್ಟರರ ಕೊನೆಯ ಕುಡಿತ 1935ರ ಜೂನ್ 10ರಂದು ಎಂದು ಹೇಳಲಾಗುತ್ತದೆ. ಅದೇ ದಿನವನ್ನು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಅಥವಾ ಎ.ಎ. ಎಂಬ ಬಳಗದ ಹುಟ್ಟಿದ ದಿನವೆಂದು ಆಚರಿಸುತ್ತಾರೆ. ಹೆಸರಿನ ಅರ್ಥ, ಹೆಸರು ಹೊರಗೆಡಹದ ಮದ್ಯವ್ಯಸನಿಗಳು ಎಂದು. ಭಾರತದಲ್ಲಿ ಈ ಬಳಗ 1957ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಈ ಕಥೆಯಲ್ಲಿ ಲಕ್ಷ್ಯವಿಡಬೇಕಾದ ಅಂಶವೊಂದಿದೆ. ಡಾ. ಬಾಬ್ ಸ್ವತಃ ವೈದ್ಯರು. ಮದ್ಯದ ಕೆಡುಕು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಬಿಡಲಾಗಿರಲಿಲ್ಲ. ತನ್ನದೇ ಹಾದಿಯಲ್ಲಿ ನಡೆದು ಬಂದವನ ಜತೆ ಕೂತಾಗ ಬಿಡಲಾಯಿತು. ನಮ್ಮ ಕಡೆಯ ವಾರಕರಿ ಪಂಢರಪುರಕ್ಕೆ ನಡೆಯುವುದು ಒಬ್ಬನೇ ಅಲ್ಲ, ದಿಂಡಿಯಲ್ಲಿ. ಕಾಲು ಸೋತವನನ್ನು ಪಕ್ಕದವನು ಮಾತಾಡಿಸುತ್ತ ನಡೆಸಿಕೊಂಡು ಹೋಗುತ್ತಾನೆ. ಮಾಳ ಹಾಕಿಕೊಂಡು ಕುಡಿತ ಬಿಟ್ಟವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರಲ್ಲಿ ಗಟ್ಟಿಯಾಗಿ ಉಳಿದವರನ್ನು ಕೇಳಿ ನೋಡಿರಿ, ಮಾಳದ ಜತೆಗೆ ಭಜನೆಯ ಮೇಳವೂ ಅವರನ್ನು ಹಿಡಿದು ನಿಲ್ಲಿಸಿದೆ ಎಂದು ಹೇಳುವವರು ಸಿಕ್ಕಾರು.

ಇದು ಬರಿಯ ನಂಬಿಕೆಯ ಮಾತಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಅವುಗಳಲ್ಲಿಯ 10,565 ಜನರ ಅನುಭವವನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಎ.ಎ. ಬಳಗಕ್ಕೆ ಕ್ರಮವಾಗಿ ಹಚ್ಚಿಕೊಡುವ ಚಿಕಿತ್ಸೆ ಪಡೆದವರಲ್ಲಿ, ವರ್ಷವಾದ ಮೇಲೆ ಪೂರ್ತಿ ಬಿಟ್ಟು ಉಳಿದವರು ನೂರಕ್ಕೆ ಸುಮಾರು 42. ಬೇರೆ ಬಗೆಯ ಚಿಕಿತ್ಸೆ ಪಡೆದವರಲ್ಲಿ ಸುಮಾರು 35. ಎಲ್ಲರಿಗೂ ಗುಣವಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ನೂರರಲ್ಲಿ ಏಳು ಮನೆ ಹೆಚ್ಚು ಉಳಿಯುವುದು ಸಣ್ಣ ಮಾತೇನಲ್ಲ. ಅದಕ್ಕೆ ಹಣವೂ ಬೇಕಾಗಿಲ್ಲ.

ಎ.ಎ. ಅಲ್ಲದೆ ನಮ್ಮವರಿಗೆ ಹತ್ತಿರವಾದ ಇನ್ನೆರಡು ದಾರಿಗಳಿವೆ.

ಮುಕ್ತಾಂಗಣ: ಪುಣೆಯಲ್ಲಿ ಡಾ. ಅನಿತಾ ಅವಚಟ ಮತ್ತು ಲೇಖಕ ಅನಿಲ ಅವಚಟ ದಂಪತಿಗಳು 1986ರ ಆಗಸ್ಟ್ 29ರಂದು ಆರಂಭಿಸಿದ ವ್ಯಸನಮುಕ್ತಿ ಕೇಂದ್ರ. ಮರಾಠಿಯ ಹೆಸರಾಂತ ಲೇಖಕ ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿ ಇದಕ್ಕೆ ನೆರವಾದರು. ಅಲ್ಲಿ ಇದ್ದು ಚಿಕಿತ್ಸೆ ಪಡೆದವರು ಊರಿಗೆ ಮರಳಿದ ಮೇಲೂ ಕೂಡುತ್ತಿರಬೇಕೆಂಬುದು ಅವರ ಪದ್ಧತಿ. ರೋಗಿಯ ಹೆಂಡತಿಯರಿಗಾಗಿಯೇ ‘ಸಹಚರಿ’ ಎಂಬ ಗುಂಪು ಇದೆ.

ಮದ್ಯವರ್ಜನ ಶಿಬಿರ: ಕರ್ನಾಟಕದಲ್ಲಿ, 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಊರೂರಿಗೆ ಎಂಟು ದಿನಗಳ ಶಿಬಿರ ನಡೆಸುತ್ತಾರೆ. ಊರವರೇ ಸಮಿತಿ ಮಾಡಿಕೊಂಡು ಊಟ ವಸತಿಯ ಹೊಣೆ ಹೊರುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ‘ನವಜೀವನ ಸಮಿತಿ’ಯಾಗಿ ಕೂಡುತ್ತಿರುತ್ತಾರೆ. ಎಂಟು ದಿನದ ಶಿಬಿರಕ್ಕಿಂತಲೂ ಆಮೇಲಿನ ಈ ಕೂಡುವಿಕೆ ಮಹತ್ವದ್ದು. ಗಡಿಯಾಚೆ ನೆಂಟರಿರುವ ಕನ್ನಡಿಗರಿಗೆ ಇದು ಅನುಕೂಲ.

4. ಹತ್ತಿರದ ಬಳಗವನ್ನು ಹುಡುಕುವುದು ಹೇಗೆ?

ಸಭೆಯ ಜಾಗ, ದಿನ, ವೇಳೆ ಬದಲಾಗುತ್ತಿರುತ್ತವೆ. ಆದ್ದರಿಂದ ಹಳೆಯ ಮಾಹಿತಿಯನ್ನು ನಂಬಿ ಹೋಗಿ ಬೀಗ ಹಾಕಿದ ಬಾಗಿಲು ನೋಡಿ ಮರಳುವುದಕ್ಕಿಂತ ಹೊರಡುವ ಮೊದಲು ಕೇಳಿಕೊಳ್ಳುವುದು ಲೇಸು. ಕೆಳಗಿನ ಕ್ರಮ ಅನುಸರಿಸಿರಿ.

ಅ) 14446 ಇದು ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ. ಕರೆಗೆ ಹಣ ಬೀಳುವುದಿಲ್ಲ. ಹತ್ತಿರದ ಸರಕಾರಿ ಮಾನ್ಯತೆಯ ವ್ಯಸನಮುಕ್ತಿ ಕೇಂದ್ರ ಯಾವುದೆಂದು ಕೇಳಿರಿ.

ಆ) 14416 ಇದು 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ-ಮಾನಸ್. ಹಗಲು ರಾತ್ರಿ ನಡೆಯುತ್ತದೆ. ಕನ್ನಡ, ಮರಾಠಿ ಎರಡರಲ್ಲಿಯೂ ಮಾತಾಡಬಹುದು. ಕುಡಿತದ ಜತೆಗೆ ಜೀವ ಬೇಸರವಾಗಿದೆ ಎಂದು ಯಾರಾದರೂ ಆಡಿದರೆ ಕಾಯದೆ ಇದೇ ಅಂಕಿಗೆ ಕರೆ ಮಾಡಿರಿ, ಅವರನ್ನು ಒಬ್ಬರೇ ಬಿಡಬೇಡಿರಿ.

ಇ) ದೊಡ್ಡ ದವಾಖಾನೆಯ ಮಾನಸಿಕ ರೋಗ ವಿಭಾಗದಲ್ಲಿ ವಿಚಾರಿಸಿರಿ. ತಮ್ಮಲ್ಲಿಯ ರೋಗಿಗಳು ಯಾವ ಸಭೆಗೆ ಹೋಗುತ್ತಾರೆಂಬುದು ಅಲ್ಲಿಯ ಡಾಕ್ಟರರಿಗೆ ಮತ್ತು ಸಮಾಜಸೇವಕರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ.

ಈ) ಎ.ಎ. ಬಳಗಕ್ಕೆ ತನ್ನದೇ ಸಹಾಯವಾಣಿ ಮತ್ತು ಊರುವಾರು ಸಭೆಗಳ ಯಾದಿ ಇದೆ. ಶಾಲೆ ಕಲಿಯುವ ಮಗನಿಗೋ ಮಗಳಿಗೋ ಹೇಳಿದರೆ ಮೊಬೈಲಿನಲ್ಲಿ ತೆಗೆದುಕೊಟ್ಟಾರು. ದೂರದ ಊರಿನವರು ಮೊಬೈಲಿನ ಮೂಲಕವೇ ಕೂಡಬಹುದಾದ ಸಭೆಗಳೂ ಇವೆ.

ಉ) ಊರಲ್ಲಿ ಕುಡಿತ ಬಿಟ್ಟು ವರ್ಷಗಳಾದವರು ಒಬ್ಬರಾದರೂ ಇರುತ್ತಾರೆ. “ಕಾಕಾ, ನೀವು ಹೆಂಗ ಬಿಟ್ಟ್ರಿ?” ಎಂದು ಅವರನ್ನು ಮರೆಯಲ್ಲಿ ಕೇಳಿರಿ. ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಕರೆ ಮಾಡಿದಾಗ ಏನು ಹೇಳಬೇಕೆಂದು ತಿಳಿಯದೆ ಹಲವರು ಕೆಳಗಿಡುತ್ತಾರೆ. ಹೀಗೆ ಹೇಳಿದರೆ ಸಾಕು: “ನಮ್ಮ ಊರು ಹುಪರಿ ಹತ್ತಿರ. ಕುಡಿತ ಬಿಡಬೇಕಾಗಿದೆ. ಹತ್ತಿರದ ಮೀಟಿಂಗು ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ? ಕನ್ನಡ ಮಾತಾಡುವವರು ಇದ್ದಾರೆಯೇ? ಮನೆಯವರು ಜತೆಗೆ ಬರಬಹುದೇ?” ನಿಮ್ಮ ಪೂರ್ತಿ ಹೆಸರು ಹೇಳಬೇಕೆಂದೇನೂ ಇಲ್ಲ.

5. ಮೊದಲ ದಿನ ಅಲ್ಲಿ ಏನು ನಡೆಯುತ್ತದೆ?

ಶಾಲೆಯ ಖೋಲಿ, ಚರ್ಚಿನ ಸಭಾಗೃಹ, ದವಾಖಾನೆಯ ಮೂಲೆ ಹೀಗೆ ಎಲ್ಲಿಯಾದರೂ ಹತ್ತಿಪ್ಪತ್ತು ಖುರ್ಚಿ ಹಾಕಿರುತ್ತಾರೆ. ಸಭೆ ಒಂದರಿಂದ ಒಂದೂವರೆ ತಾಸು. ಕೆಲವು ಸಭೆಗಳು ಕುಡಿತದ ತೊಂದರೆ ಇದ್ದವರಿಗೆ ಮಾತ್ರ. ಕೆಲವಕ್ಕೆ ಮನೆಯವರೂ ಬರಬಹುದು. ಮೊದಲೇ ಕೇಳಿಕೊಂಡಿದ್ದರೆ ಬಾಗಿಲಲ್ಲಿ ಮುಜುಗರವಾಗುವುದಿಲ್ಲ.

ಒಬ್ಬರು ಸಭೆ ನಡೆಸುತ್ತಾರೆ. ಅವರು ಡಾಕ್ಟರರೂ ಅಲ್ಲ, ಸಾಹೇಬರೂ ಅಲ್ಲ, ನಿಮ್ಮಂತೆಯೇ ಕುಡಿತದಿಂದ ಪಾರಾಗಿ ಬಂದವರು. ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿ, ತಾನು ಮದ್ಯವ್ಯಸನಿ ಎಂದು ಒಪ್ಪಿಕೊಂಡು, ಹಿಂದೆ ಏನಾಗಿತ್ತು, ಏನು ಬದಲಾಯಿತು, ಈಗ ಹೇಗಿದ್ದೇನೆ ಎಂಬುದನ್ನು ಹೇಳುತ್ತಾರೆ. ನಡುವೆ ಬಾಯಿ ಹಾಕುವುದು, ಬುದ್ಧಿ ಹೇಳುವುದು, ವಾದ ಮಾಡುವುದು ಇಲ್ಲ. ನಿಮಗೆ ಮಾತು ಬಾರದಿದ್ದರೆ “ಇವತ್ತು ಕೇಳ್ತೀನಿ” ಎಂದರೆ ಸಾಕು. ಯಾರೂ ಒತ್ತಾಯಿಸುವುದಿಲ್ಲ.

ಫೀ ಇಲ್ಲ, ಫಾರಂ ಇಲ್ಲ, ಸಹಿ ಇಲ್ಲ, ಷೇರು ಇಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವದ ಅರ್ಹತೆ. ಖರ್ಚಿಗಾಗಿ ಕೊನೆಗೆ ಒಂದು ಡಬ್ಬಿ ತಿರುಗಿಸುತ್ತಾರೆ. ಅದರಲ್ಲಿ ಸದಸ್ಯರು ತಮಗೆ ತಿಳಿದಷ್ಟು ಹಾಕುತ್ತಾರೆ, ಹೊಸಬರು ಹಾಕಬೇಕಾಗಿಲ್ಲ. ಹೊರಗಿನವರ ದೇಣಿಗೆಯನ್ನು ಎ.ಎ. ಸ್ವೀಕರಿಸುವುದಿಲ್ಲ. ನಿಮ್ಮಿಂದ ದೊಡ್ಡ ಮೊತ್ತ ಕೇಳುವವರು ಯಾರಾದರೂ ಇದ್ದರೆ ಅದು ಈ ಬಳಗವಲ್ಲವೆಂದು ತಿಳಿಯಿರಿ.

ಹೊರಡುವ ಮುನ್ನ ಒಂದು ಕೆಲಸ ತಪ್ಪದೆ ಮಾಡಿರಿ. ಯಾರ ಮಾತು ನಿಮ್ಮದೇ ಕಥೆಯಂತೆ ಕೇಳಿಸಿತೋ ಅವರ ಟೆಲಿಫೋನ್ ನಂಬರು ಕೇಳಿಕೊಳ್ಳಿರಿ. ಸಂಜೆ ಆರಕ್ಕೆ ಬಾಯಿ ಒಣಗಿ ಕಾಲು ಅಂಗಡಿಯ ಕಡೆ ತಿರುಗಿದಾಗ ಬೇಕಾಗುವುದು ಆ ನಂಬರು. ಬಳಗದವರು “ಜನ್ಮವಿಡೀ ಬಿಡುತ್ತೇನೆ” ಎಂದು ಆಣೆ ಮಾಡಿಸುವುದಿಲ್ಲ. ಇವತ್ತಿನ 24 ತಾಸು ಮುಟ್ಟುವುದಿಲ್ಲ, ನಾಳೆಯದು ನಾಳೆ ಎನ್ನುತ್ತಾರೆ. ಒಂದೊಂದೇ ದಿನ ಕೂಡಿ ವರ್ಷವಾಗುತ್ತದೆ.

ಒಂದು ಸಭೆಗೆ ಹೋಗಿ “ಇದು ನನಗಲ್ಲ” ಎಂದು ತೀರ್ಮಾನಿಸಬೇಡಿರಿ. ಲಾಗಣ ಮಾಡಿದ ವಾರದಲ್ಲಿಯೇ ಮೊಳಕೆ ಕಾಣಲಿಲ್ಲವೆಂದು ಯಾರೂ ಹೊಲ ಕೆಡಿಸುವುದಿಲ್ಲ. ಕಡಿಮೆಯೆಂದರೆ ಆರು ಸಭೆ ಕೂಡಿ ನೋಡಿರಿ. ಒಂದು ಬಳಗ ಹೊಂದದಿದ್ದರೆ ಇನ್ನೊಂದನ್ನು ನೋಡಿರಿ.

6. ಹಿಂಜರಿಯುವವರಿಗೆ ಉತ್ತರ

“ಊರವರು ನೋಡಿದರೆ?” ನೀವು ಕುಡಿಯುತ್ತಿದ್ದುದನ್ನು ಊರು ನೋಡಿದೆ. ಬಿಡಲು ಹೋಗುವುದನ್ನು ನೋಡಿದರೆ ಮರ್ಯಾದೆ ಹೋಗುವುದಿಲ್ಲ. ಆದರೂ ಸಂಕೋಚವಿದ್ದರೆ ಪಕ್ಕದ ಪಟ್ಟಣದ ಸಭೆಗೆ ಹೋಗಿರಿ. ಅಲ್ಲಿ ಕೇಳಿದ್ದನ್ನು, ಕಂಡವರನ್ನು ಹೊರಗೆ ಹೇಳಬಾರದೆಂಬುದು ಬಳಗದ ಕಟ್ಟಳೆ. ಆ ಕಟ್ಟಳೆ ನಿಮಗೂ ಅನ್ವಯಿಸುತ್ತದೆಂಬುದನ್ನು ಮರೆಯಬೇಡಿರಿ.

“ಸಭೆ ಮರಾಠಿಯಲ್ಲಿ, ನನ್ನ ಮಾತು ಕನ್ನಡ.” ಸಂತೆ, ದವಾಖಾನೆ, ಬ್ಯಾಂಕು ಎಲ್ಲ ಕಡೆಗೆ ನಮ್ಮ ಗಡಿಯವರು ಎರಡೂ ಭಾಷೆಯಲ್ಲಿ ವ್ಯವಹರಿಸುತ್ತೇವೆ. ಮನಸ್ಸಿನ ಮಾತು ಮಾತ್ರ ತಾಯಿನುಡಿಯಲ್ಲೇ ಸಲೀಸು. ಅಂಥವರು ಕನ್ನಡದಲ್ಲೇ ಮಾತಾಡಿರಿ, ಅರ್ಥವಾಗುವವರು ಅಲ್ಲಿ ಇದ್ದೇ ಇರುತ್ತಾರೆ.

“ಅದು ಕ್ರಿಸ್ತರದೇ?” ಅಲ್ಲ. ಹುಟ್ಟಿದ್ದು ಅಮೆರಿಕೆಯಲ್ಲಿ. ಕೆಲವು ಸಭೆಗಳು ಚರ್ಚಿನ ಜಾಗದಲ್ಲಿ ಕೂಡುತ್ತವೆ, ಕೊನೆಗೆ ಒಂದು ಚಿಕ್ಕ ಪ್ರಾರ್ಥನೆಯೂ ಇರುತ್ತದೆ. ಆದರೆ ದೇವರನ್ನು ಅವರವರು ತಿಳಿದಂತೆ ತಿಳಿಯಬಹುದು. ವಿಠ್ಠಲನನ್ನು ನಂಬುವವರೂ ಬಸವಣ್ಣನನ್ನು ನಂಬುವವರೂ ಯಾರನ್ನೂ ನಂಬದವರೂ ಒಟ್ಟಿಗೆ ಕೂಡುತ್ತಾರೆ.

“ಹಂಗಾಮಿನಲ್ಲಿ ವೇಳೆ ಎಲ್ಲಿದೆ?” ವಾರಕ್ಕೆ 168 ತಾಸು. ಹೋಗಿಬರುವುದು ಸೇರಿ ಸಭೆಗೆ ಮೂರು ತಾಸು. ಕುಡಿತಕ್ಕೆ ಹೋಗುತ್ತಿದ್ದ ತಾಸುಗಳನ್ನು ಎಣಿಸಿದರೆ ಉತ್ತರ ನಿಮಗೇ ಸಿಗುತ್ತದೆ.

“ಹೆಣ್ಣುಮಕ್ಕಳು ಹೋಗಬಹುದೇ?” ಅವಶ್ಯವಾಗಿ ಹೋಗಬಹುದು. ಈ ರೋಗ ಹೆಂಗಸರಿಗೂ ಇದೆ, ಅವರು ಮುಚ್ಚಿಡುವುದು ಹೆಚ್ಚು. ಹೆಂಗಸರಿಗಾಗಿಯೇ ನಡೆಯುವ ಸಭೆಗಳೂ ಇವೆ.

7. ಮನೆಯವರಿಗೆ ನಾಲ್ಕು ಮಾತು

ಕುಡಿಯುವವನಿಗೆ ಒಂದು ರೋಗವಾದರೆ ಮನೆಯವರಿಗೆ ಹತ್ತು ಚಿಂತೆ. ಅವರಿಗಾಗಿ 1951ರಲ್ಲಿ ಅಮೆರಿಕೆಯಲ್ಲಿ ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ ತನ್ನ ಗೆಳತಿಯೊಡನೆ ‘ಆಲ್-ಅನಾನ್’ ಎಂಬ ಬೇರೆ ಬಳಗ ಕಟ್ಟಿದಳು. ಅದು ಭಾರತದಲ್ಲಿಯೂ ಇದೆ. ಗಂಡ ಸಭೆಗೆ ಬರಲಿ ಬಿಡಲಿ, ಹೆಂಡತಿ, ತಾಯಿ, ಮಗಳು ತಾವು ಹೋಗಬಹುದು.

ಅವನು ಅಮಲಿನಲ್ಲಿದ್ದಾಗ ವಾದ ಮಾಡಬೇಡಿರಿ. ಬೆಳಿಗ್ಗೆ ಶುದ್ಧಿಯಲ್ಲಿದ್ದಾಗ ಶಾಂತವಾಗಿ ಹೇಳಿರಿ. “ಅಣ್ಣಾ, ಬೇಸ್ತವಾರ ಮೀಟಿಂಗ ಐತಿ. ನಿನ್ನ ಜೋಡಿ ನಾನೂ ಬರ್ತೀನಿ, ಹೊರಗ ಕೂಡ್ತೀನಿ” ಎಂಬ ಒಂದು ಮಾತು ಹತ್ತು ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡೀತು. ಅವನ ಸಾಲ ತೀರಿಸುವುದು, ಗೈರುಹಾಜರಿಗೆ ಸುಳ್ಳು ನೆಪ ಹೇಳುವುದು ಇವನ್ನು ಬಿಡಿರಿ. ಹೊಡೆತ ಬಡಿತ ನಡೆದರೆ ಸಹಿಸಿಕೊಂಡು ಕೂಡಬೇಡಿರಿ. ಮಕ್ಕಳೊಡನೆ ಸುರಕ್ಷಿತ ಜಾಗಕ್ಕೆ ಹೋಗಿ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿರಿ. ಅವನ ಚಿಕಿತ್ಸೆಯ ಮಾತು ಆಮೇಲೆ.

8. ಬಿಲ್ಲಿನ ದಿನ, ಬೇಂದೂರದ ದಿನ

ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಕೂಡಿದ ಹೊತ್ತಿನಲ್ಲಿ ಕುಡಿಯುವ ಮನಸ್ಸು ಜೋರಾಗುತ್ತದೆಂದು ಬಳಗದವರು ಹೇಳುತ್ತಾರೆ. ನಮ್ಮ ಬೆಳೆಗಾರನಿಗೆ ಇವುಗಳ ಜತೆಗೆ ಐದನೆಯದೊಂದಿದೆ: ಕೈಯಲ್ಲಿ ರೊಕ್ಕ. ಆದ್ದರಿಂದ ಮುಂಚಿತವಾಗಿಯೇ ಯೋಜನೆ ಹಾಕಿರಿ.

ಬಿಲ್ಲು ಜಮಾ ಆಗುವ ಖಾತೆಯನ್ನು ಹೆಂಡತಿಯ ಜತೆ ಜಂಟಿ ಮಾಡಿಸಿರಿ, ಮೊದಲ ವರ್ಷ ಎ.ಟಿ.ಎಂ. ಕಾರ್ಡು ಅವರ ಬಳಿ ಇರಲಿ. ಹಣ ಬಂದ ದಿನ ಒಬ್ಬರೇ ಪೇಟೆಗೆ ಹೋಗಬೇಡಿರಿ. ಆ ವಾರದ ಸಭೆ ತಪ್ಪಿಸಬೇಡಿರಿ. ಕಡಿಯುವ ಗ್ಯಾಂಗಿಗೆ, ಡ್ರೈವರನಿಗೆ ಖುಶಾಲಿ ಕೊಡುವ, ಅವರಿಗೆ ಪಾರ್ಟಿ ಮಾಡಿಸುವ ರೂಢಿಯಲ್ಲಿ ಬಾಟಲಿ ಬರುತ್ತದೆ. ಆ ಹೊತ್ತಿನಲ್ಲಿ ಹೊಲಕ್ಕೆ ತಮ್ಮನನ್ನೋ ಮಗನನ್ನೋ ಕಳಿಸಿರಿ. ಕರ್ನಾಟಕಿ ಬೇಂದೂರ, ಜಾತ್ರೆ, ಮದುವೆಯ ವರಾತ ಇದ್ದ ದಿನ ಬಳಗದ ಗೆಳೆಯನಿಗೆ ಮೊದಲೇ ಹೇಳಿಡಿರಿ. ಯಾರಾದರೂ ಗ್ಲಾಸು ಚಾಚಿದರೆ ದೀರ್ಘ ಸಬೂಬು ಬೇಡ. “ಮಾಮಾ, ನನಗ ಚಾ ಸಾಕು” ಎಂದು ಎದ್ದು ಬಂದರಾಯಿತು.

9. ಜಾರಿದರೆ?

ಜಾರಿದವನು ನಾಚಿಕೆಯಿಂದ ಬಳಗಕ್ಕೆ ಬೆನ್ನು ತಿರುಗಿಸುವುದೇ ದೊಡ್ಡ ಅನರ್ಥ. ಮುಂದಿನ ಸಭೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿರಿ. ಅಲ್ಲಿ ಕೂತವರಲ್ಲಿ ಎಷ್ಟೋ ಜನ ಒಮ್ಮೆಯಾದರೂ ಜಾರಿದವರೇ. ಹಲವು ದಿನ ಸತತ ಕುಡಿದಿದ್ದರೆ ಮತ್ತೆ ಬಿಡುವಾಗ ಡಾಕ್ಟರರ ಬಳಿ ಹೋಗತಕ್ಕದ್ದು. ಪ್ರತಿ ಸಲ ಏಕಾಏಕಿ ಬಿಟ್ಟಾಗ ನಡುಕ, ಫಿಟ್ಸ್ ಹೆಚ್ಚಾಗುವ ಸಂಭವವಿದೆ.

10. ಹತ್ತಿರ ಬಳಗವೇ ಇಲ್ಲದಿದ್ದರೆ

ಕರ್ನಾಟಕ ಸರಕಾರ 2007ರ ಜುಲೈಯಿಂದ ಸಾರಾಯಿ ನಿಲ್ಲಿಸಿತು. ಮಹಾರಾಷ್ಟ್ರದಲ್ಲಿ ಊರಿನ ಹೆಣ್ಣುಮಕ್ಕಳು ‘ಆಡವೀ ಬಾಟಲಿ’ಗೆ ಮತ ಹಾಕಿ ಅಂಗಡಿ ಮುಚ್ಚಿಸುವ ಹಕ್ಕು ಪಡೆದಿದ್ದಾರೆ. ಇವು ಒಳ್ಳೆಯವೇ. ಆದರೆ ಒಂದು ಅಂಗಡಿ ಮುಚ್ಚಿದರೆ ರೋಗಿ ಇನ್ನೊಂದು ಊರಿನ ಅಂಗಡಿ ಹುಡುಕುತ್ತಾನೆ. ಅವನಿಗೆ ಸಂಜೆ ಹೋಗಿ ಕೂಡಲು ಬೇರೊಂದು ಜಾಗ ಬೇಕು.

ಎ.ಎ. ಪದ್ಧತಿಯಲ್ಲಿ, ಬಿಡಬೇಕೆಂಬ ಇಬ್ಬರೋ ಮೂವರೋ ಕೂಡಿದರೂ ಅದು ಬಳಗವೇ. ಬಿಲ್ ಮತ್ತು ಬಾಬ್ ಇಬ್ಬರೇ ಇದ್ದರು. ವಾರದ ಒಂದು ದಿನ, ಒಂದೇ ವೇಳೆ, ಶಾಲೆಯ ಒಂದು ಖೋಲಿ, ಒಂದು ಕಿಟ್ಲಿ ಚಹ ಇಷ್ಟು ಗೊತ್ತುಮಾಡಿಕೊಂಡು, ಹತ್ತಿರದ ಪಟ್ಟಣದ ಬಳಗದವರನ್ನು ಕರೆದರೆ ಅವರೇ ಬಂದು ನಡೆಸುವ ಕ್ರಮ ತೋರಿಸುತ್ತಾರೆ. ಇನ್ನೊಬ್ಬನಿಗೆ ನೆರವಾದರೆ ತಾನೂ ಗಟ್ಟಿಯಾಗುತ್ತೇನೆಂಬುದು ಅವರ ಅನುಭವ.

ಮನೆಯಲ್ಲಿ ಕೂತು ತುಂಬಿಸತಕ್ಕ ಯಾದಿ

ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಿರಿ. ಮುಂದಿನ ಬಿಲ್ಲು ಬರುವ ಮೊದಲು ಈ ಐದು ಸಾಲುಗಳ ಉತ್ತರ ಬರೆಯಿರಿ.

1) ನಾಲ್ಕು ಪ್ರಶ್ನೆಗಳಲ್ಲಿ ಎಷ್ಟಕ್ಕೆ ‘ಹೌದು’?
2) ಯಾವ ಡಾಕ್ಟರರನ್ನು, ಯಾವ ದಿನ ಕಾಣುವುದು?
3) ಹತ್ತಿರದ ಬಳಗ ಯಾವುದು, ಸಭೆ ಯಾವ ವಾರ, ಎಷ್ಟು ಗಂಟೆಗೆ?
4) ಮೊದಲ ಸಭೆಗೆ ಜತೆಗೆ ಬರುವವರು ಯಾರು?
5) ಬಿಲ್ಲಿನ ದಿನ ಸಂಜೆ ಆರು ಗಂಟೆಗೆ ನಾನು ಎಲ್ಲಿ, ಯಾರ ಸಂಗಡ ಇರುತ್ತೇನೆ?